ಅಲ್ಲಿ ಕೋಟೆ, ಇಲ್ಲಿ ಪಾರಿಜಾತ!
ಗೋಕಾಕ ಅಂದ್ರೆ ಬರೀ ಫಾಲ್ಸು, ಕರದಂಟು ಅಂದ್ಕೊಂಡಿರಾ? ತಡೀರಿ!

ಪಿಯುಸಿ ಬಿಟ್ಟಾಗ ಅಪ್ಪ, 'ಬೆಳಗಾವಿಗೆ ಹೋಗಿ ಮಿಲಿಟರಿ ಸೇರು' ಅಂದಿದ್ದ. ಸೇರಲಿಲ್ಲ. ಮೊನ್ನೆ ಹುಕ್ಕೇರಿ ತಾಲೂಕಿನ ವಲ್ಲಭಗಡ ಹತ್ತಿದೆ. ಕೋಟೆಯಿದೆ, ಸಿಪಾಯಿಗಳಿಲ್ಲ. ಗಾಳಿಯದೊಂದೇ ಪಹರೆ.

ಅಲ್ಲಿಂದ ಬಸ್ಸು ಹಿಡಿದು, ಗೋಕಾಕ ದಾಟಿ ಮೂಡಲಗಿ ಕಡೆಯ ಕುಲಗೋಡಕ್ಕೆ. ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ತಿದ್ದಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು! ಇದೇ ಸೀಮೆಯ ಕೌಜಲಗಿ ನಿಂಗಮ್ಮ ಪಾರಿಜಾತದಿಂದಲೇ ನಾಡಿಗೆಲ್ಲ ಹೆಸರಾದಾಕೆ.

ಕಟ್ಟೆಯ ಮೇಲಿದ್ದ ಯಜಮಾನರು ಸತ್ಯಭಾಮೆಯ ಪದ ಎತ್ತಿಕೊಂಡರು. ನಡುವೆ ಮರೆತರು. 'ಕೇಳಾವ್ರಿದ್ರ ನೆನಪಿರ್ತಿತ್ತೋ ತಮ್ಮಾ' ಅಂದರು.

ಕೋಟೆ ಬಿದ್ದರೆ ಕಲ್ಲಾದರೂ ಉಳೀತದೆ. ಪದ ಮರೆತರೆ? ಗೆಳೆಯರೇ, ಸಿನಿಮಾ ಬಿಡಬೇಡಿ. ಒಂದು ರಾತ್ರಿ ಪಾರಿಜಾತಕ್ಕೂ ಕೂತು ಬನ್ನಿ!