ಇನ್ನು 39 ನಿಮಿಷ

ಹೊಸ ಓಎಸ್ ಕರೆಯದೆ ಬರುತ್ತದೆ. ರಾತ್ರಿ ಮುಚ್ಚಿಟ್ಟ ಲ್ಯಾಪ್‌ಟಾಪನ್ನು ಬೆಳಿಗ್ಗೆ ತೆರೆದರೆ ಗುಂಡಿಗಳೆಲ್ಲ ಜಾಗ ಬದಲಿಸಿಕೊಂಡು, ಬಣ್ಣ ಬಳಿದುಕೊಂಡು, ಎಲ್ಲ ನಿಮ್ಮ ಒಳ್ಳೆಯದಕ್ಕೇ ಎಂಬಂತೆ ಹಲ್ಲು ಕಿರಿಯುತ್ತವೆ. ಹಳೆಯ ಓಎಸ್ ಹಾಗಲ್ಲ. ಅದನ್ನು ನಾವೇ ಹುಡುಕಿಕೊಂಡು ಹೋಗಬೇಕು. ಅದಕ್ಕೆ ಒಗ್ಗುವ ಡಿಸ್ಕು, ಕೇಬಲ್ಲು, ಸಿಡಿ, ಕೀ ನಂಬರು ಎಲ್ಲ ಹೊಂದಿಸಿಕೊಡಬೇಕು. ಇಷ್ಟಾದ ಮೇಲೂ ಅದು ಬಂದು ಕೂತೀತೆಂಬ ಖಾತ್ರಿ ಇಲ್ಲ.

ಇಷ್ಟೆಲ್ಲ ಉಪದ್ವ್ಯಾಪ ಯಾರಿಗೆ ಬೇಕು ಎಂದರೆ, ನನಗೆ ಬೇಕಾಯಿತು. ಊರೆಲ್ಲ ವಿಂಡೋಸ್ 11 ಬಳಸುವ ಕಾಲದಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕುವ ಕೆಲಸ ಶುರುವಾಯಿತು.

ಕಾರಣ ಒಂದು ಪುಸ್ತಕ. ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಮಲೆನಾಡಿನ ತಂಬುಳಿಗಳ ಬಗ್ಗೆ ಬರೆದಿದ್ದರು. ಒಂದೆಲಗ, ದೊಡ್ಡಪತ್ರೆ, ಎಲವರಿಗೆ. ಯಾವ ಸೊಪ್ಪಿನ ಕುಡಿಯನ್ನು ಯಾವಾಗ ಚಿವುಟಬೇಕು, ಯಾವುದನ್ನು ತುಪ್ಪದಲ್ಲಿ ಬಾಡಿಸಬೇಕು, ಯಾವುದನ್ನು ಹಸಿಯಾಗಿಯೇ ಅರೆಯಬೇಕು ಎಂಬುದೆಲ್ಲ ಅದರಲ್ಲಿತ್ತು. ಡಿಟಿಪಿ ಮಾಡಿದವಳು ನಾನು. ಪುಸ್ತಕ ಖರ್ಚಾದ ಮೇಲೆ ಮೇಷ್ಟ್ರು ಎರಡನೇ ಮುದ್ರಣಕ್ಕೆಂದು ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಸಾಲು ಸಾಲಾಗಿ ತಿದ್ದಿಸಿದರು, ಸೇರಿಸಿದರು. ಆ ಮುದ್ರಣ ಆಗಲೇ ಇಲ್ಲ. ಅಷ್ಟರಲ್ಲಿ ಮೇಷ್ಟ್ರು ಹೋಗಿಬಿಟ್ಟರು. ಈಗ ಅವರ ಮಗಳು ಪುಸ್ತಕವನ್ನು ಮತ್ತೆ ತರುವ ಉತ್ಸಾಹದಲ್ಲಿದ್ದಾರೆ. ಅಚ್ಚಾದ ಪ್ರತಿ ಸಿಗುತ್ತದೆ, ಸ್ಕ್ಯಾನ್ ಮಾಡಿಸಬಹುದು. ಆದರೆ ಮೇಷ್ಟ್ರು ತಿದ್ದಿಸಿದ ಪಾಠ ಇರುವುದು ನನ್ನ ಬಳಿಯ ಒಂದು ಸಿಡಿಯಲ್ಲಿ, ಪೇಜ್‌ಮೇಕರ್ ಫೈಲಿನಲ್ಲಿ ಮಾತ್ರ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗ ರಜೆಗೆ ಬಂದಿದ್ದ. ಸಿಡಿ ಅವನ ಕೈಗೆ ಕೊಟ್ಟೆ. ಅದಕ್ಕೊಂದು ಬಾಹ್ಯ ಡ್ರೈವ್ ತರಿಸಿ, ಏನೇನೋ ಉಪಾಯ ಮಾಡಿ ಫೈಲಿನ ಹೊಟ್ಟೆ ಬಗೆದು ಅಕ್ಷರಗಳನ್ನು ಹೊರಗೆಳೆದ. ಮುಖ ಸಪ್ಪಗಾಯಿತು.

‘ದೊಡ್ಡಮ್ಮ, ಫೈಲು ಕೆಟ್ಟುಹೋಗಿದೆ. ಬರೀ ಚಿತ್ರವಿಚಿತ್ರ ಚಿಹ್ನೆಗಳು.’

‘ಕೆಟ್ಟಿಲ್ಲ ಕಣೋ. ಅದು ಇದ್ದದ್ದೇ ಹಾಗೆ.’

ಅವನಿಗೆ ನಂಬಿಕೆ ಬರಲಿಲ್ಲ. ಯೂನಿಕೋಡಿನಲ್ಲೇ ಕಣ್ಣುಬಿಟ್ಟ ತಲೆಮಾರು ಅದು. ಕಂಪ್ಯೂಟರಿಗೆ ಕನ್ನಡ ಗೊತ್ತು ಎಂದೇ ನಂಬಿಕೊಂಡು ಬೆಳೆದವರು. ನಮ್ಮ ಕಾಲದ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಒಂದು ಅಕ್ಷರಕ್ಕೆ ಒಂದು ಬೈಟ್, ಒಟ್ಟು 256 ಮನೆಗಳು. ಅವುಗಳಲ್ಲಿ ಇಂಗ್ಲಿಷೂ ಯುರೋಪಿನ ಬೇರೆ ಭಾಷೆಗಳೂ ಮೊದಲೇ ಬಂದು ಕೂತಿದ್ದವು. ನಮ್ಮವರು ಹೊಸ ಮನೆ ಕಟ್ಟುವ ಗೋಜಿಗೆ ಹೋಗದೆ, ಅದೇ ಅಕ್ಷರಗಳಿಗೆ ಕನ್ನಡದ ವೇಷ ಕಟ್ಟಿ ರಂಗಕ್ಕೆ ಬಿಟ್ಟರು. ಫಾಂಟ್ ಎಂಬುದೇ ಆ ವೇಷ. ‘ಕನ್ನಡ’ ಎಂಬ ಪದವನ್ನೇ ನುಡಿ ಫಾಂಟಿನಲ್ಲಿ ಟೈಪಿಸಿ, ವೇಷ ಕಟ್ಟುವ ಚೌಕಿಗೆ ಹೋಗಿ ನೋಡಿ. ‘ಕ’ದ ವೇಷದೊಳಗೆ ಇಂಗ್ಲಿಷಿನ ದೊಡ್ಡ ‘ಪಿ’ ಕೂತಿರುತ್ತಾನೆ. ತಲೆಕಟ್ಟು ಕಟ್ಟಿಕೊಂಡವನು ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’. ‘ನ’ ಆದವನು ಬ್ರಿಟಿಷರ ಪೌಂಡಿನ ಚಿಹ್ನೆ. ಅವನ ಕಾಲಿಗೆ ಜೋತುಬಿದ್ದ ಒತ್ತು, ಜರ್ಮನ್ ಬರವಣಿಗೆಯಲ್ಲಿ ಬಳಸುವ ಒಂದು ಬಗೆಯ ‘ಎಸ್’. ‘ಡ’ ಎಂದರೆ ಚಿಕ್ಕ ‘ಕ್ಯೂ’. ಹೀಗೆ ಲಂಡನ್ನು ಬರ್ಲಿನ್ನುಗಳೆಲ್ಲ ಸೇರಿ ನಮ್ಮೂರಿನ ಮದುವೆ ಕಾಗದ ಅಚ್ಚಾಗುತ್ತಿತ್ತು.

ಇದರಲ್ಲೂ ಒಬ್ಬೊಬ್ಬರ ಮೇಳ ಒಂದೊಂದು. ಒಂದು ಕಂಪನಿಯ ತಂತ್ರಾಂಶದಲ್ಲಿ ‘ಕ’ ಆದವನು ಇನ್ನೊಂದರಲ್ಲಿ ‘ಮ’ ಆಗಿರಬಹುದು. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ರಾಜ್ಯ ಸರ್ಕಾರ ತನ್ನದಾಗಿ ಒಪ್ಪಿಕೊಂಡು ಹಂಚಿದ ಮೇಲೆ, ಕಚೇರಿಗಳ ಮಟ್ಟಿಗಾದರೂ ಒಂದು ಕ್ರಮ ಬಂತು. ಅಷ್ಟರಲ್ಲಿ 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಮನೆಮನೆ ಸೇರಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಬೆರಳುಗಳಿಗೆ ಹತ್ತಿತ್ತು. ಆದರೆ ಪುಸ್ತಕದ ಕೆಲಸಕ್ಕೆ ನಾನು ಬಳಸುತ್ತಿದ್ದದ್ದು ದುಡ್ಡು ಕೊಟ್ಟು ತಂದ ಬೇರೊಂದು ಲಿಪಿ ತಂತ್ರಾಂಶ. ಅದರ ಅಕ್ಷರಗಳ ಏರ್ಪಾಡು ಅದಕ್ಕೆ ಮಾತ್ರ ಗೊತ್ತು. ಮೇಲಾಗಿ ಅದಕ್ಕೊಂದು ಬೀಗ. ಬೆರಳುದ್ದದ ಪ್ಲಾಸ್ಟಿಕ್ ತುಂಡು, ಕಂಪ್ಯೂಟರಿನ ಬೆನ್ನಿಗಿರುವ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಬೇಕು. ಅದನ್ನು ಕಿತ್ತರೆ ತಂತ್ರಾಂಶ ಬಾಯಿ ಬಿಡುವುದಿಲ್ಲ.

‘ವರ್ಚುವಲ್ ಮಷಿನ್ ಮಾಡೋಣ ದೊಡ್ಡಮ್ಮ. ಹೊಸ ಸಿಸ್ಟಮ್ಮಿನೊಳಗೇ ಒಂದು ಸುಳ್ಳು ಕಂಪ್ಯೂಟರ್ ಕೂರಿಸಿ ಅದರಲ್ಲಿ ಎಕ್ಸ್‌ಪಿ ಹಾಕಿದರಾಯ್ತು’ ಎಂದ.

ಬೀಗ ತೆಗೆದು ಅವನ ಅಂಗೈ ಮೇಲಿಟ್ಟೆ. ‘ಸುಳ್ಳು ಕಂಪ್ಯೂಟರಿಗೆ ಇದನ್ನು ಎಲ್ಲಿ ಸಿಕ್ಕಿಸುತ್ತೀಯ?’

ಲ್ಯಾಪ್‌ಟಾಪನ್ನು ತಿರುಗಿಸಿ ತಿರುಗಿಸಿ ನೋಡಿದ. ಇಪ್ಪತ್ತೈದು ತೂತಿನ ಆ ಪೋರ್ಟು ಅದರಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ನಿಜವಾದ ಹಳೆಯ ಯಂತ್ರವೇ ಬೇಕಾಯಿತು. ಅದು ಅಟ್ಟದ ಮೇಲಿತ್ತು.

ಆ ಯಂತ್ರಕ್ಕೊಂದು ಹಿನ್ನೆಲೆ ಇದೆ. ಟ್ರೆಡಲ್ ಮಷಿನ್ನಿನ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದ ನಾನು, ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆಯಲ್ಲಿ ಬ್ಯಾಂಕ್ ಸಾಲ ತೆಗೆದು ಸ್ವಂತ ಡಿಟಿಪಿ ಸೆಂಟರ್ ಇಟ್ಟವಳು. 1993ರಲ್ಲಿ ಶುರುವಾದ ಆ ಯೋಜನೆ ಓದಿ ಕೆಲಸವಿಲ್ಲದೆ ಕೂತವರಿಗೆ ಅಂಗಡಿ, ಟೈಪಿಂಗು, ಝೆರಾಕ್ಸು ಎಂದು ಏನಾದರೊಂದು ದಾರಿ ಮಾಡಿಕೊಡುತ್ತಿತ್ತು. ಊರಿನ ಅಸೆಂಬಲ್ಡ್ ಸಿಸ್ಟಮ್ಮುಗಳಲ್ಲೆಲ್ಲ ಓಡುತ್ತಿದ್ದದ್ದು ಕಾಪಿ ಎಕ್ಸ್‌ಪಿ. ಸಿಡಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಕೀ ಬರೆದಿರುತ್ತಿದ್ದರು. ನನ್ನದು ಮಾತ್ರ ಅಸಲಿ. ಅದರಲ್ಲಿ ನನ್ನ ಸತ್ಯಸಂಧತೆಯ ಪಾಲು ಏನೂ ಇಲ್ಲ. ಬ್ಯಾಂಕಿನವರು ಎಲ್ಲದಕ್ಕೂ ಬಿಲ್ ಕೇಳಿದ್ದರು, ಅಷ್ಟೇ.

ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್ 25ರಂದು. ಅದಕ್ಕೆ ಮುಂಚೆ ಮೈಕ್ರೋಸಾಫ್ಟಿನಲ್ಲಿ ಎರಡು ಮನೆತನಗಳಿದ್ದವು. ಡಾಸ್‌ನ ಬೆನ್ನ ಮೇಲೆ ಕೂತ 95, 98, ಮಿಲೇನಿಯಂ ಮನೆಬಳಕೆಗೆ. ಎನ್‌ಟಿ ಮತ್ತು 2000 ಕಚೇರಿಗಳಿಗೆ. 98ರಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಪುಟ ಮುಗಿಯುವ ಹೊತ್ತಿಗೆ ಹ್ಯಾಂಗ್ ಆಗುವುದು ಅದರ ಸ್ವಭಾವ. ಎನ್‌ಟಿಯ ಗಟ್ಟಿತನವನ್ನು ಮನೆಯ ಕಂಪ್ಯೂಟರಿಗೂ ತಂದದ್ದು ಎಕ್ಸ್‌ಪಿ. ಅದು ಕೇಳಿದ್ದು ಕನಿಷ್ಠ 64 ಎಂಬಿ ರ‍್ಯಾಮು, ಒಂದೂವರೆ ಜಿಬಿ ಡಿಸ್ಕು. ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮು, ಅಂದರೆ 64 ಪಟ್ಟು. ಡಿಸ್ಕು 64 ಜಿಬಿ. ಮೇಷ್ಟ್ರ ಪುಸ್ತಕದ ಗಾತ್ರ ಮಾತ್ರ ಆಗ ಎಷ್ಟಿತ್ತೋ ಈಗಲೂ ಅಷ್ಟೇ.

ಅಟ್ಟದಿಂದ ಇಳಿಸಿದ ಪೆಂಟಿಯಂ 4ಕ್ಕೆ ಜೀವವೇನೋ ಇತ್ತು, ಹಾರ್ಡ್ ಡಿಸ್ಕು ಸತ್ತಿತ್ತು. ಹೊಸ ಡಿಸ್ಕು ಸಿಕ್ಕಿಸೋಣವೆಂದರೆ ಅದಕ್ಕೆ ಬೇಕಾದದ್ದು ಅಗಲವಾದ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕು. ದೊಡ್ಡದಾದರೂ ಕಷ್ಟ. ಸರ್ವಿಸ್ ಪ್ಯಾಕ್ ಇಲ್ಲದ ಮೊದಲ ಎಕ್ಸ್‌ಪಿಗೆ 137 ಜಿಬಿಯಿಂದಾಚೆಗಿನ ಲೋಕ ಕಾಣಿಸದು. ಹುಡುಗ ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿ 40 ಜಿಬಿಯ ಹಳೆಯ ಡಿಸ್ಕೊಂದನ್ನು ತಂದ. ಇಡೀ ರಸ್ತೆಯಲ್ಲಿ ದೊಡ್ಡದನ್ನು ಕೊಡಲು ನೂರು ಜನ, ಚಿಕ್ಕದನ್ನು ಕೇಳಿದರೆ ಮೇಲಿಂದ ಕೆಳಗೆ ನೋಡುತ್ತಾರಂತೆ. ಕೊನೆಗೂ ಕೊಟ್ಟ ಅಂಗಡಿಯವನು, ‘ಮ್ಯೂಸಿಯಮ್ಮಿಗಾ?’ ಎಂದು ಕೇಳಿದನಂತೆ.

ಇನ್ನು ಎಕ್ಸ್‌ಪಿಯ ಸಿಡಿ. ಸಾಲದ ಕಾಗದಗಳ ಜತೆ ಬೀರುವಿನಲ್ಲೇ ಇತ್ತು. ಮಲೆನಾಡಿನ ಮಳೆಗಾಲ ಅಪ್ಪಟ ಅಸಲಿಯನ್ನೂ ಬಿಡುವುದಿಲ್ಲ. ಮಿಂಚುವ ಹಾಲೋಗ್ರಾಮಿನ ಮೇಲೆ ಬೂಷ್ಟು ಹಿಡಿದಿತ್ತು. ಒರೆಸಿ ಹಾಕಿದರೆ ನೀಲಿ ಪರದೆ ಬಂತು, ಫೈಲುಗಳ ಪ್ರತಿ ತೆಗೆಯುವುದು ಶುರುವಾಯಿತು. ನಡುವೆ ನಿಂತು, ಈ ಫೈಲು ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸಲು ಎಂಟರ್ ಒತ್ತಿ, ಬಿಟ್ಟು ಮುಂದೆ ಹೋಗಲು ಎಸ್ಕೇಪ್ ಒತ್ತಿ ಎಂದಿತು. ಬಿಟ್ಟು ಮುಂದೆ ಹೋದರೆ ಮುಂದೆಲ್ಲೋ ಅದೇ ಫೈಲು ಕಾಲಿಗೆ ತೊಡರುತ್ತದೆ ಎಂಬುದು ಹಳಬರಿಗೆ ಗೊತ್ತು.

ಅಂತರ್ಜಾಲದಲ್ಲಿ ಇಳಿಸಿಕೊಳ್ಳಲು ಬೇಕಾದಷ್ಟಿವೆ ಎಂದ ಹುಡುಗ. ಯಾರೋ ಬಿಚ್ಚಿ, ಏನನ್ನೋ ಸೇರಿಸಿ, ಮತ್ತೆ ಕಟ್ಟಿಟ್ಟ ಗಂಟನ್ನು ತರುವುದು ನನಗೆ ಒಗ್ಗಲಿಲ್ಲ. ಎಕ್ಸ್‌ಪಿಯಲ್ಲಿ ಇನ್ನೊಂದು ಮಡಿಯೂ ಇದೆ. ಯಂತ್ರದ ಜತೆಗೆ ಮಾರಿದ ಪ್ರತಿಯ ಕೀ, ಅಂಗಡಿಯ ಡಬ್ಬಿಯಲ್ಲಿ ಮಾರಿದ ಸಿಡಿಗೆ ನಡೆಯುವುದಿಲ್ಲ. ದೊಡ್ಡ ಕಂಪನಿಗಳಿಗೆ ಸಗಟಾಗಿ ಕೊಟ್ಟದ್ದಕ್ಕೆ ಇವೆರಡೂ ಆಗಿಬರುವುದಿಲ್ಲ. ನನ್ನ ಕ್ಯಾಬಿನೆಟ್ಟಿನ ಮೇಲಿನ ಸ್ಟಿಕ್ಕರಿನಲ್ಲಿ 25 ಅಕ್ಷರಗಳ ಕೀ ಭದ್ರವಾಗಿತ್ತು. ಅದರ ಜಾತಿಯದೇ ಸಿಡಿ ಬೇಕು.

ಆಗ ನೆನಪಾದದ್ದು ಅಂದು ಈ ಸಿಸ್ಟಮ್ ಜೋಡಿಸಿಕೊಟ್ಟಾತ. ಈಗ ಪೇಟೆಯಲ್ಲಿ ಮೊಬೈಲ್ ಅಂಗಡಿ, ಗಾಜಿನ ಮೇಲೆಲ್ಲ ಕವರುಗಳ ತೋರಣ. ವಿಷಯ ಹೇಳಿದ ಕೂಡಲೇ ಸ್ಕ್ರೀನ್ ಗಾರ್ಡ್ ಅಂಟಿಸುತ್ತಿದ್ದವನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟ.

‘ಎಕ್ಸ್‌ಪಿನಾ ಅಕ್ಕಾ! ಒಳಗೆ ಬನ್ನಿ.’

ಗಿರಾಕಿಗಳನ್ನು ಹುಡುಗನೊಬ್ಬನಿಗೆ ಒಪ್ಪಿಸಿ, ಹಿಂದಿನ ಕೋಣೆಯಿಂದ ಸಿಡಿಗಳ ಗೋಪುರವನ್ನೇ ಹೊತ್ತು ತಂದ. 98 ಇತ್ತು, 2000 ಇತ್ತು, ಮದರ್‌ಬೋರ್ಡಿನ ಡ್ರೈವರ್ ಸಿಡಿಗಳಿದ್ದವು, ನಡುವೆ ಯಾರದೋ ಗೃಹಪ್ರವೇಶದ ವಿಡಿಯೊ ಕೂಡ. ನನಗೆ ಬೇಕಾದ ಜಾತಿಯ ಸಿಡಿಯನ್ನು ಬೆಳಕಿಗೆ ಹಿಡಿದು ಗೀರು ನೋಡಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ‘ಹಾಕಿದ ಮೇಲೆ ಆ ಹುಲ್ಲುಗುಡ್ಡದ ಫೋಟೊ ತೆಗೆದು ಕಳಿಸಿ’ ಎಂದ.

ಹುಲ್ಲುಗುಡ್ಡ ಎಂದರೆ ಎಕ್ಸ್‌ಪಿಯ ಪರದೆಯ ಚಿತ್ರ. ಚಾರ್ಲ್ಸ್ ಓ’ರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ದಾರಿಬದಿಗೆ ಕಾರು ನಿಲ್ಲಿಸಿ ತೆಗೆದದ್ದು. ಅದು ದ್ರಾಕ್ಷಿ ಬೆಳೆಯುವ ಸೀಮೆ. ಬೇರು ತಿನ್ನುವ ಕೀಟದ ಹಾವಳಿಯಿಂದ ಬಳ್ಳಿಗಳನ್ನು ಕಿತ್ತು ಹಾಕಿದ್ದರಿಂದ ಗುಡ್ಡದಲ್ಲಿ ಬರಿ ಹುಲ್ಲು ಉಳಿದಿತ್ತು. ರೋಗ ಬಿದ್ದ ತೋಟವೊಂದು ಜಗತ್ತಿನ ಕೋಟಿಗಟ್ಟಲೆ ಮೇಜುಗಳ ಮೇಲೆ ಹಚ್ಚಹಸಿರಾಗಿ ಕೂತಿತು. ಅಡಿಕೆಗೆ ಕೊಳೆರೋಗ ಬಂದರೆ ತಲೆಮೇಲೆ ಕೈ ಹೊರುವ ನಾವು, ಅದನ್ನೇ ನೋಡುತ್ತ ದಿನ ಕಳೆದೆವು.

ಸಿಡಿ ಹಾಕಿದೆವು. ಎಫ್8 ಒತ್ತಿ ಷರತ್ತುಗಳಿಗೆ ಒಪ್ಪಿ, ಡಿಸ್ಕನ್ನು ಫಾರ್ಮ್ಯಾಟ್ ಹೊಡೆದ ಮೇಲೆ ಯಂತ್ರ ತಾನೇ ಒಮ್ಮೆ ಆರಿ ಹೊತ್ತಿಕೊಂಡಿತು. ಎಡಗಡೆ ಪ್ರತ್ಯಕ್ಷವಾಯಿತು ಆ ಪ್ರಸಿದ್ಧ ವಾಕ್ಯ: ಸುಮಾರು 39 ನಿಮಿಷಗಳಲ್ಲಿ ಮುಗಿಯುತ್ತದೆ. ಎಕ್ಸ್‌ಪಿ ಹಾಕಿದವರೆಲ್ಲರಿಗೂ ಈ 39 ಗೊತ್ತು. ಯಾವ ಯಂತ್ರವಾದರೂ ಅದು 39ರಿಂದಲೇ ಶುರು. ಗಡಿಯಾರಕ್ಕೂ ಅದಕ್ಕೂ ನೆಂಟಸ್ತನವಿಲ್ಲ. ಮೂವತ್ತರ ಆಸುಪಾಸಿನಲ್ಲಿ ಸಾಧನಗಳನ್ನು ಗುರುತಿಸುತ್ತ ಎಷ್ಟೋ ಹೊತ್ತು ನಿಂತುಬಿಡುತ್ತದೆ. ಬಲಗಡೆ ಮಾತ್ರ, ಇನ್ನು ನಿಮ್ಮ ಕಂಪ್ಯೂಟರ್ ವೇಗವಾಗಿ ಓಡಲಿದೆ ಎಂಬ ಜಾಹೀರಾತು ನಿಲ್ಲದೆ ನಡೆದಿರುತ್ತದೆ. ಡಿಟಿಪಿ ಸೆಂಟರಿನ ಕಾಲದಲ್ಲಿ ಆ ಬಿಡುವಿನಲ್ಲಿ ಅಕ್ಕಿ ಆರಿಸುತ್ತಿದ್ದೆ, ಪ್ರೂಫ್ ತಿದ್ದುತ್ತಿದ್ದೆ. ಹುಡುಗ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

‘ನಾನೂ ಎಕ್ಸ್‌ಪಿಯೂ ಒಂದೇ ವರ್ಷ ಹುಟ್ಟಿದ್ದು ದೊಡ್ಡಮ್ಮ. ಅದನ್ನು ಹಾಕುವುದು ನೋಡುತ್ತಿರುವುದು ಇದೇ ಮೊದಲು.’

ಹುಲ್ಲುಗುಡ್ಡ ಬಂತು. ಅದರ ಜತೆ, 30 ದಿನದೊಳಗೆ ಸಕ್ರಿಯಗೊಳಿಸಿ ಎಂಬ ತಾಕೀತು. ಮನೆಬಳಕೆಯ ವಿಂಡೋಸಿಗೆ ಈ ಕಟ್ಟುಪಾಡು ತಂದದ್ದೂ ಎಕ್ಸ್‌ಪಿಯೇ. ನಮ್ಮ ಕೆಲಸಕ್ಕೆ ಅಷ್ಟು ದಿನ ಧಾರಾಳವಾಯಿತು. ನೆಟ್ ಕೇಬಲ್ ಸಿಕ್ಕಿಸಲು ಹುಡುಗ ಬಿಡಲಿಲ್ಲ, ಅದು ಸರಿಯೂ ಹೌದು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಬೆಂಬಲ ನಿಂತಿದೆ. 2017ರಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿಗೇ ಕಾಟ ಕೊಟ್ಟಾಗ ಕಂಪನಿ ಕನಿಕರಪಟ್ಟು ಎಕ್ಸ್‌ಪಿಗೂ ಒಂದು ತೇಪೆ ಕೊಟ್ಟಿತ್ತು. ಆದರೆ ಅಂಥ ಕನಿಕರವನ್ನು ನಂಬಿ ಹಳೆಯದನ್ನು ಬೀದಿಗೆ ಬಿಡಬಾರದು.

ಇಲ್ಲೊಂದು ವಿಚಿತ್ರ ಹೇಳಬೇಕು. ಯೂನಿಕೋಡ್ ಹುಟ್ಟಿದ್ದು 1991ರಲ್ಲಿ, ಕನ್ನಡಕ್ಕೆ ಅದರಲ್ಲಿ ಮೊದಲಿನಿಂದಲೂ ಸ್ವಂತ ಮನೆಗಳಿವೆ. ಎಕ್ಸ್‌ಪಿಯ ಸಿಡಿಯೊಳಗೂ ಯೂನಿಕೋಡ್ ಕನ್ನಡ ಇತ್ತು. ಕಂಟ್ರೋಲ್ ಪ್ಯಾನೆಲ್ಲಿನ ಮೂಲೆಯಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿ, ಅದು ಕೇಳಿದಾಗ ಸಿಡಿ ಕೊಟ್ಟರೆ ಕನ್ನಡ ತಾನಾಗಿ ಮೂಡುತ್ತಿತ್ತು. ಆ ಫಾಂಟಿನ ಹೆಸರು ತುಂಗಾ. ಊರಿನ ಪಕ್ಕ ಹರಿಯುವ ತುಂಗೆಯನ್ನು ದಿನವೂ ನೋಡುತ್ತಿದ್ದ ನಾವು ಕಂಪ್ಯೂಟರಿನೊಳಗಿನ ತುಂಗೆಯನ್ನು ಕಂಡವರಲ್ಲ. ಟಿಕ್ ಹಾಕಿದ್ದರೂ ನಮಗೆ ದಕ್ಕುತ್ತಿರಲಿಲ್ಲ ಅನ್ನಿ. ಅನ್ನ ಕೊಡುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಆಲ್ಡಸ್ ಎಂಬ ಕಂಪನಿ 1985ರಲ್ಲಿ ತಂದ ಆ ತಂತ್ರಾಂಶ 1994ರಲ್ಲಿ ಅಡೋಬಿಯ ಪಾಲಾಗಿ, 2001ರ ಏಳನೇ ಆವೃತ್ತಿಗೆ ನಿಂತುಹೋಯಿತು. ಅದು ನಿಂತ ಮೇಲೂ ನಮ್ಮ ಅಚ್ಚುಕೂಟಗಳು ಅದನ್ನು ಬಿಡಲಿಲ್ಲ. ಹೀಗಾಗಿ ಒಂದೇ ಯಂತ್ರದಲ್ಲಿ ಎರಡು ಕನ್ನಡ ಬಾಳಿದವು. ಒಂದು ನಾಳೆಗೆ ಉಳಿಯುವಂಥದ್ದು, ಇನ್ನೊಂದು ಅವತ್ತಿನ ಅಚ್ಚಿಗೆ ಒದಗುವಂಥದ್ದು. ನಾಡಿನ ಪುಸ್ತಕ, ಸ್ಮರಣ ಸಂಚಿಕೆ, ಸಣ್ಣ ಪತ್ರಿಕೆಗಳೆಲ್ಲ ವರ್ಷಗಟ್ಟಲೆ ಎರಡನೆಯದರಲ್ಲೇ ಆದವು.

ಪೇಜ್‌ಮೇಕರ್ ಹಾಕಿ, ಲಿಪಿ ತಂತ್ರಾಂಶ ಹಾಕಿ, ಬೆನ್ನಿಗೆ ಬೀಗ ಸಿಕ್ಕಿಸಿ ಫೈಲು ತೆರೆದೆ. ಪುಟ ಬಂತು. ಒಂದೆಲಗದ ತಂಬುಳಿಯ ಕೆಳಗೆ ಮೇಷ್ಟ್ರು ಸೇರಿಸಿದ ಸಾಲು: ಎಳೆಯದಾದರೆ ಬೇರೂ ಇರಲಿ, ಬಿಸಾಡಬೇಡಿ. ಅಚ್ಚಾದ ಪ್ರತಿಯಲ್ಲಿ ಇದಿಲ್ಲ. ಹುಡುಗ ತಾನು ಹೊರಗೆಳೆದಿದ್ದ ಚಿಹ್ನೆಗಳ ಹಾಳೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ‘ಕೆಟ್ಟಿರಲಿಲ್ಲ’ ಎಂದು ಒಪ್ಪಿಕೊಂಡ.

ತಂತ್ರಾಂಶದ ಜತೆಗೇ ಬಂದಿದ್ದ ಕನ್ವರ್ಟರಿನಿಂದ ಪಾಠವನ್ನು ಯೂನಿಕೋಡಿಗೆ ದಾಟಿಸಿದೆವು. ಅಲ್ಲೂ ಅರ್ಕಾವತ್ತು ತಕರಾರು ತೆಗೆಯಿತು. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಕ್ರಮ, ಅರ್ಕಾವತ್ತು ಅಕ್ಷರದ ನಂತರ. ಯೂನಿಕೋಡಿನಲ್ಲಿ ಬಾಯಿ ನುಡಿಯುವ ಕ್ರಮ, ‘ರ್’ ಮೊದಲು. ಕನ್ವರ್ಟರ್ ಕೆಲವು ಕಡೆ ಎಡವಿತ್ತು. ಸಾಲು ಸಾಲಾಗಿ ಓದಿ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ಯಾವ ಓಎಸ್ಸೂ ಬೇಡ, ಕನ್ನಡಕ ಸಾಕು.

ಹಳೆಯ ಓಎಸ್ ಹಾಕಿಕೊಂಡವಳೆಂದರೆ ಹಳೆಯ ಕಾಲವೇ ಚೆಂದವಿತ್ತು ಎನ್ನುವವಳು ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಆ ಕಾಲದ ಸೇವ್ ಮಾಡದ ಪುಟಗಳ ಸಂಕಟ ನನಗೆ ನೆನಪಿದೆ. ಹಳೆಯದರೊಳಗೆ ಸಿಕ್ಕಿಬಿದ್ದದ್ದನ್ನು ಹೊರಗೆ ತರುವ ತನಕ ಅದು ಬೇಕು, ಅಷ್ಟೇ. ಹೊಸದಕ್ಕೆ ಹಳೆಯ ಫೈಲುಗಳ ಹಂಗಿಲ್ಲ. ನಮಗಿದೆ.

ಸುದ್ದಿ ಊರಿಗೆಲ್ಲ ಹಬ್ಬಿದ್ದು ಮೊಬೈಲ್ ಅಂಗಡಿಯಿಂದ. ಹುಲ್ಲುಗುಡ್ಡದ ಫೋಟೊವನ್ನು ಆತ ಸ್ಟೇಟಸ್ಸಿಗೆ ಹಾಕಿದ್ದೇ ತಡ, ಸಿಡಿ ಹಿಡಿದು ಬರುವವರು ಶುರುವಾದರು. ಒಬ್ಬರದು ಶಾಲೆಯ ಸ್ಮರಣ ಸಂಚಿಕೆ, ಒಬ್ಬರದು ಮನೆತನದ ವಂಶವೃಕ್ಷ, ಇನ್ನೊಬ್ಬರದು ತಂದೆ ಬರೆದ ಯಕ್ಷಗಾನ ಪ್ರಸಂಗ. ಡಿಟಿಪಿ ಸೆಂಟರ್ ಅಟ್ಟದಿಂದ ಇಳಿದು ಜಗಲಿಗೆ ಬಂದಿದೆ. ಬಂದವರೆಲ್ಲ ಮೊದಲು ಯಂತ್ರ ನೋಡುತ್ತಾರೆ, ಆಮೇಲೆ ಮೆಲ್ಲಗೆ ಕೇಳುತ್ತಾರೆ: ‘ಪುಟದ ದರವೂ ಆಗಿನದ್ದೇ ತಾನೆ?’

‘ಇಲ್ಲ ಮಾರಾಯ್ರೇ’ ಎನ್ನುತ್ತೇನೆ, ‘ಹಳೆಯದು ಓಎಸ್ ಮಾತ್ರ.’