ಮದ್ದೆಂಬ ಮಾತು

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗಿರುವಷ್ಟು ಮುಖಗಳು ಇಂಥ ಪುಟ್ಟ ಮಾತುಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಮಗುವಿನ ಕೆಮ್ಮಿಗೆ ಅಜ್ಜಿ ಅರೆದು ಕೊಡುವುದೂ ಮದ್ದು; ಕೋವಿಯ ನಳಿಗೆಗೆ ತುಂಬುವುದೂ ಮದ್ದು; ಆಗದವರು ಊಟದಲ್ಲಿ ಬೆರೆಸಿ ‘ಹಾಕಿದರು’ ಎಂದು ಜನ ಪಿಸುಗುಟ್ಟುವುದೂ ಮದ್ದೇ. ಕಾಯುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿಟ್ಟ ಹಿರಿಯರು ಅರಿಯದೆ ಹಾಗೆ ಮಾಡಿರಲಾರರು. ಆದರೆ ಕೈಯಿಂದ ಕೈಗೆ ಸಾಗಿ ಸವೆದ ನಾಣ್ಯದಂತೆ ಈ ಮಾತಿನ ಒಂದು ಮುಖ ಅಳಿಸಿಹೋಗಿದೆ. ತೋಟದಲ್ಲಿ ‘ಮದ್ದು’ ಎಂದೊಡನೆ ನೆನಪಾಗುವುದು ಕಾಯುವ ಮುಖವೊಂದೇ.

ಕುಮಟಾ ತಾಲ್ಲೂಕಿನ ಘಟ್ಟದ ಬುಡದ ಕಣಿವೆಗಳಲ್ಲಿ ಮಳೆಗಾಲ ಹತ್ತಿರ ಬಂದಿತೆಂದರೆ ಅಡಿಕೆ ತೋಟದ ಒಡೆಯನಿಗೆ ಒಂದೇ ಚಿಂತೆ, ಕೊಳೆರೋಗ. ಎಳೆಯ ಕಾಯಿಗಳು ಬಣ್ಣಗೆಟ್ಟು ಮರದ ಬುಡಕ್ಕೆ ಉದುರತೊಡಗಿದರೆ ವರ್ಷದ ಚಾಲಿ, ಅದನ್ನು ನಂಬಿ ಗೊತ್ತುಮಾಡಿದ ಮದುವೆ, ಸಾಲದ ಕಂತು, ಎಲ್ಲವೂ ಉದುರಿದಂತೆಯೇ. ಹಿಂದಿನವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗದ ಮೂಲವನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ 1885ರಲ್ಲಿ ಪ್ರಚುರಪಡಿಸಿದ್ದ ಬೋರ್ಡೋ ದ್ರಾವಣ ಹೀಗೆ ಅಡಿಕೆಯ ಮರವನ್ನೇರಿತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನಗಳಾದ ಮೇಲೆ ಮತ್ತೊಂದು ಸಲ.

ಈ ದ್ರಾವಣವನ್ನು ಕೊನೆಗೆ ಮುಟ್ಟಿಸುವವನು ಕೊನೆಗೌಡ. “ಮದ್ದು ಬಂತಾ, ಹೆಗಡೇರೇ?” ಎಂದು ಅವನು ಅಂಗಳದಲ್ಲಿ ನಿಂತು ಕೇಳಿದರೆ ಒಡೆಯನ ಮುಖ ಅರಳುತ್ತದೆ. ಕಾಲಿಗೆ ತಳೆ ತೊಟ್ಟು, ಜಾರುವ ಮರವನ್ನೇರಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ಅವನು ಸಂಜೆಯವರೆಗೆ ದುಡಿಯುತ್ತಾನೆ. ಇಳಿದು ಬಂದಾಗ ಅವನ ತಲೆ, ಹುಬ್ಬು, ಎದೆ ಎಲ್ಲವೂ ತಿಳಿನೀಲಿ. ಈಚೆಗೆ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ. ಅದನ್ನು ಹಿಡಿದವನು ನೆಲದ ಮೇಲೆಯೇ ನಿಂತಿರುವುದರಿಂದ ಬೀಳುವ ಭಯವಿಲ್ಲ; ಆದರೆ ಮೇಲಿನಿಂದ ಉದುರುವ ಹನಿಗಳಿಗೆ ಅವನು ಮುಖವೆತ್ತಿಯೇ ನಿಲ್ಲಬೇಕು.

ಮೈಲುತುತ್ತವೇನು ಮಹಾ ವಿಷವೇ ಎಂದು ಕೇಳುವವರುಂಟು. ಇದೇ ದ್ರಾವಣವನ್ನು ವರ್ಷಗಟ್ಟಲೆ ಸಿಂಪಡಿಸಿದ ಪೋರ್ಚುಗಲ್ಲಿನ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶಗಳಲ್ಲಿ ತಾಮ್ರ ಸೇರಿ ರೋಗ ಹುಟ್ಟಿದ್ದನ್ನು ಅಲ್ಲಿನ ವೈದ್ಯರು 1969ರಲ್ಲಿ ದಾಖಲಿಸಿದರು. ಸೌಮ್ಯವೆನಿಸಿಕೊಂಡುದರ ಮಾತೇ ಹೀಗಾದರೆ, ಹುಳುವಿಗೆಂದೂ ನುಸಿಗೆಂದೂ ಅಂಗಡಿಯಿಂದ ಬರುವ ಉಳಿದ ಸೀಸೆಗಳ ಮಾತೇನು?

ಕಾನೂನು ಇವನ್ನು ಮದ್ದೆಂದು ಕರೆಯುವುದಿಲ್ಲ. ಅದಕ್ಕೆ ಈ ಎಚ್ಚರ ಹುಟ್ಟಿದ್ದೂ ಸಾವಿನಿಂದಲೇ. 1958ರಲ್ಲಿ ಪೆರಾಥಿಯಾನ್ ಎಂಬ ಕೀಟನಾಶಕ ಆಹಾರ ಪದಾರ್ಥಗಳೊಡನೆ ಬೆರೆತು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಮಡಿದರು. ಆ ಬಳಿಕ ನಡೆದ ವಿಚಾರಣೆಗಳ ಫಲವಾಗಿ 1968ರಲ್ಲಿ ಕೀಟನಾಶಕ ಕಾಯ್ದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಸೀಸೆಯ ಮೇಲೆ ಮೂಲೆಯೂರಿ ನಿಂತ ಚೌಕವೊಂದಿರಬೇಕು. ಅದರ ಕೆಳಗಿನ ಅರ್ಧದಲ್ಲಿ ಬಣ್ಣವಿರಬೇಕು. ಕೆಂಪೆಂದರೆ ಅತ್ಯಂತ ವಿಷಕಾರಿ, ಹಳದಿಯೆಂದರೆ ಬಹಳ ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ. ಕೆಂಪಿನ ಮೇಲೆ ತಲೆಬುರುಡೆ ಮತ್ತು ಎಲುಬುಗಳ ಚಿತ್ರವಿದ್ದು ‘ವಿಷ’ ಎಂಬ ಮಾತು ಇರಲೇಬೇಕು. ಓದು ಬಾರದವನೂ ಅರಿಯಲೆಂದು ಮಾಡಿದ ಲಿಪಿಯಿದು. ಹಸಿರನ್ನು ಕಂಡು ಭಯವಿಲ್ಲವೆಂದುಕೊಳ್ಳುವವರು ಒಂದನ್ನು ಗಮನಿಸಬೇಕು: ಆ ನಾಲ್ಕರಲ್ಲಿ ‘ವಿಷವಿಲ್ಲ’ ಎಂಬ ಬಣ್ಣವೇ ಇಲ್ಲ.

ಕೆಲಸಗಾರನ ವಿಷಯದಲ್ಲಿಯೂ ಆ ನಿಯಮಗಳು ಉದಾರವಾಗಿಯೇ ಇವೆ. ಸಿಂಪಡಿಸುವವನಿಗೆ ಕೆಲಸಕ್ಕೆ ಮುನ್ನವೂ ಆಮೇಲೆ ಆಗಾಗ್ಗೆಯೂ ವೈದ್ಯಕೀಯ ಪರೀಕ್ಷೆ, ವಿಷ ಒಳಸೇರದ ಉಡುಪು, ಕೈಗವಸು, ಉಸಿರಿಗೆ ರಕ್ಷಣೆ, ಪ್ರಥಮ ಚಿಕಿತ್ಸೆ, ತರಬೇತಿ, ಎಲ್ಲವನ್ನೂ ಅವು ಹೇಳುತ್ತವೆ. ಆದರೆ ಕುಮಟೆಯ ಆಷಾಢದ ಸೆಕೆಯಲ್ಲಿ, ಪಾಚಿಗಟ್ಟಿದ ಮರದ ತುದಿಯಲ್ಲಿ, ಗವಸು ತೊಟ್ಟ ಕೈಗೆ ಹಿಡಿತ ಸಿಗುವುದು ಹೇಗೆ? ಅದಕ್ಕಿಂತ ದೊಡ್ಡ ತೊಡಕು ಕಾಯ್ದೆಯಲ್ಲಿಯೇ ಇದೆ. ಒಬ್ಬನು ತನ್ನ ಮನೆಬಳಕೆಗೆ, ತನ್ನ ಕೈತೋಟಕ್ಕೆ, ತಾನು ಸಾಗುವಳಿ ಮಾಡುವ ಭೂಮಿಗೆ ಬಳಸುವ ಕೀಟನಾಶಕಕ್ಕೆ ಈ ಕಾಯ್ದೆ ಅನ್ವಯಿಸದೆಂದು ಅದರ 38ನೆಯ ಕಲಮು ಹೇಳುತ್ತದೆ. ಸಣ್ಣ ಬೇಸಾಯಗಾರನಿಗೆ ಕಿರುಕುಳವಾಗದಿರಲೆಂಬ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಭೂಮಿ ಒಬ್ಬನದು, ಉಸಿರು ಇನ್ನೊಬ್ಬನದು ಆದ ಕಡೆ ಕಾನೂನು ಬಹುಮಟ್ಟಿಗೆ ತೋಟದ ದಣಪೆಯ ಹೊರಗೇ ನಿಂತುಬಿಡುತ್ತದೆ.

ನಿಯಮ ಅನ್ವಯಿಸಿದ ಕಡೆಯಾದರೂ ಜನ ಉಳಿದರೆಂದು ಹೇಳುವಂತಿಲ್ಲ. ವಿಮಾನದಿಂದ ಸಿಂಪಡಿಸುವುದಾದರೆ ಇಪ್ಪತ್ತನಾಲ್ಕು ಗಂಟೆಗಳ ಮುಂಚೆ ಸಾರ್ವಜನಿಕರಿಗೆ ತಿಳಿಸಬೇಕು, ಜನ ಮತ್ತು ದನಗಳನ್ನು ಆ ಪ್ರದೇಶದಿಂದ ದೂರವಿಡಬೇಕು ಎಂದು 1971ರ ನಿಯಮಗಳೇ ವಿಧಿಸಿದ್ದವು. ಆದರೂ ಕಾಸರಗೋಡಿನ ಗೇರು ತೋಪುಗಳ ಮೇಲೆ 2000ದವರೆಗೆ ವರ್ಷ ವರ್ಷವೂ ಎಂಡೋಸಲ್ಫಾನ್ ಸುರಿಯಿತು. ತೋಪಿನ ಅಂಚಿನ ಬಾವಿಗಳೂ ಅಂಗಳಗಳೂ ಅದರ ಕೆಳಗೇ ಇದ್ದವು. ದಕ್ಷಿಣ ಕನ್ನಡದಲ್ಲಿಯೂ, ಕುಮಟಾ ಸೇರಿದ ಉತ್ತರ ಕನ್ನಡದ ಗೇರು ಸೀಮೆಯಲ್ಲಿಯೂ ಆ ವಿಷದ ಪೀಡಿತರನ್ನು ಸರಕಾರ ಗುರುತಿಸಬೇಕಾಯಿತು. 2011ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ದೇಶಕ್ಕೆಲ್ಲ ಅದನ್ನು ತಡೆಯಿತು. ಅಷ್ಟರಲ್ಲಿ ಏಳಲಾರದೆ ಹಾಸಿಗೆ ಹಿಡಿದ ಮಕ್ಕಳಿಗೆ ಆ ತೀರ್ಪಿನಿಂದ ಕಾಲು ಬರಲಿಲ್ಲ.

ಕಾಯ್ದೆ ಕಾಲಿಡದ ತೋಟದಲ್ಲಿ ಒಡೆಯನ ಮರ್ಯಾದೆಯೇ ಕಾಯ್ದೆಯಾಗಬೇಕು. ಅದಕ್ಕೆ ಹೆಚ್ಚು ಹಣವೇನೂ ಬೇಡ. ಗಾಳಿಗೆ ಎದುರಾಗಿ ಹೊಡೆಸದಿರುವುದು. ಕಣ್ಣಿಗೆ ಕನ್ನಡಕ, ಮೂಗಿಗೆ ತಕ್ಕ ಮುಸುಕು ಒದಗಿಸುವುದು. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದಗೊಡದಿರುವುದು. ಕೈ ತೊಳೆಯದೆ ಕವಳ ಹಾಕಲು ಬಿಡದಿರುವುದು. ಸಂಜೆ ಬಚ್ಚಲಲ್ಲಿ ಬಿಸಿನೀರು, ಸಾಬೂನು ಸಿದ್ಧವಿಡುವುದು. ಬರಿದಾದ ಡಬ್ಬಿ ಎಣ್ಣೆಗೋ ನೀರಿಗೋ ಬಳಕೆಯಾಗದಂತೆ ಒಡೆದು ಹೂಳುವುದು. ಆಳಿನ ಮಜೂರಿಯ ಲೆಕ್ಕ ಬರೆಯುವಾಗ ಇವನ್ನೂ ಆ ಲೆಕ್ಕದಲ್ಲೇ ಸೇರಿಸಬೇಕು.

ಇವೆಲ್ಲಕ್ಕೂ ಮುಂಚೆ ಮಾಡಬಹುದಾದ, ಬಿಡಿಕಾಸಿನ ಖರ್ಚಿಲ್ಲದ ಕೆಲಸವೊಂದುಂಟು. ಕೊನೆಗೌಡನು ಅಂಗಳದಲ್ಲಿ ನಿಂತು ಮದ್ದು ಬಂತೇ ಎಂದು ಕೇಳಿದಾಗ, ಸೀಸೆಯ ಚೌಕವನ್ನು ಅವನತ್ತ ತಿರುಗಿಸಿ, “ಬಂತು ಗೌಡಾ, ಆದರೆ ಇದು ವಿಷ” ಎಂದು ಹೇಳುವುದು. ಹಾಗೆ ಹೇಳಿದವನಿಗೆ ಆಮೇಲೆ ಅವನನ್ನು ಬರಿಮೈಯಲ್ಲಿ ಮರ ಹತ್ತಿಸಲು ನಾಲಗೆ ಏಳದು.