ಉಳಿಯ ಬಾಯಿ

ಆವತಿಯ ಯಾವುದೋ ಮನೆಯಲ್ಲಿ ಕೂಸೊಂದು ಮರದ ಗಿಲಕಿಯನ್ನು ಆಡಿಸುತ್ತಿದ್ದರೆ ಅದರ ಹಿಡಿಯನ್ನು ಒಮ್ಮೆ ನೋಡಬೇಕು. ಸುತ್ತಲೂ ಮಣಿಗಳನ್ನು ಪೋಣಿಸಿದಂತೆ ಉಬ್ಬುಬಳೆಗಳಿರುತ್ತವೆ. ಎಲ್ಲವೂ ಒಂದೇ ಮರದ ತುಂಡಿನಲ್ಲಿ ಕಡೆದು ತೆಗೆದವು. ಅಂಥ ಗಿಲಕಿಗೆ ತವರು ಬೆಂಗಳೂರಿನ ಆಚೆಗಿರುವ ಚನ್ನಪಟ್ಟಣ. ಆವತಿಗೆ ಸಮೀಪದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಪರ್ಷಿಯದ ಕುಶಲಿಗರನ್ನು ಕರೆಸಿ ಆ ಊರಿನಲ್ಲಿ ಈ ಕಸಬನ್ನು ಬೇರೂರಿಸಿದನೆಂದು ಪ್ರತೀತಿ.

ಅಲ್ಲಿ ಆಲೆಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿ, ಉಳಿ ತಾಗಿಸಿ ಕಡೆಯುತ್ತಾರೆ. ಓರೆಬಾಯಿಯ ಉಳಿಯಿಂದ ಕಣ್ಣಳತೆಯಲ್ಲಿಯೇ ಮಣಿಗಳನ್ನು ಮೂಡಿಸಬಲ್ಲವರುಂಟು. ಆದರೆ ನೂರು ಗಿಲಕಿಗಳಲ್ಲಿಯೂ ಮಣಿ ಒಂದೇ ಅಳತೆಗೆ ಬರಬೇಕಾದರೆ, ತುದಿಯಲ್ಲಿ ಅರ್ಧಚಂದ್ರಾಕಾರದ ತಗ್ಗುಳ್ಳ ಉಳಿಯೇ ಅನುಕೂಲ.

ಇಂಥ ಉಳಿಯನ್ನು ಸವೆದ ಅರದಿಂದ ಮಾಡಿಕೊಳ್ಳಬಹುದು. ಅರದ ಉಕ್ಕು ಗಡಸು, ಜೊತೆಗೆ ಪೆಡಸು; ಹಾಗೆಯೇ ಬಳಸಿದರೆ ತಿರುಗುವ ಮರದ ಹೊಡೆತಕ್ಕೆ ಸಿಡಿದು ಕಣ್ಣಿಗೆ ಬಡಿದೀತು. ಆದುದರಿಂದ ಮೊದಲು ಅದನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು. ಮೆತ್ತಗಾದ ಮೇಲೆ ಬೇರೊಂದು ದುಂಡನೆಯ ಅರದಿಂದ ತಗ್ಗನ್ನು ತೆಗೆಯಬೇಕು. ಮತ್ತೆ ಅಯಸ್ಕಾಂತ ಅಂಟದಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸುತನ ಮರಳುತ್ತದೆ. ಅದರೊಡನೆ ಪೆಡಸೂ ಮರಳುತ್ತದೆ! ಕೊನೆಗೆ ಉಜ್ಜಿ ಬೆಳ್ಳಗೆ ಮಾಡಿ, ಒಣಹುಲ್ಲಿನ ಹಳದಿ ಬಣ್ಣ ಮೂಡುವವರೆಗೆ ಮೆಲ್ಲಮೆಲ್ಲನೆ ಕಾಯಿಸುತ್ತಾರೆ. ಆಗ ಪೆಡಸು ತಗ್ಗುತ್ತದೆ. ಮೈಮರೆತು ಹಳದಿ ನೀಲಿಗೆ ತಿರುಗಿತೋ, ಬಾಯಿ ಮೆತ್ತಗಾಯಿತು. ಮತ್ತೆ ಕುಲುಮೆಯೇ ಗತಿ.

ಹದ ಕಟ್ಟಿದ ಉಳಿಯನ್ನು ಕೆಡಿಸುವುದು ಬಹಳ ಸುಲಭ. ಬಾಯಿ ಮೊಂಡಾದೊಡನೆ ಹೊಸಬನು ತಗ್ಗಿನೊಳಕ್ಕೇ ಸಾಣೆ ಆಡಿಸುತ್ತಾನೆ. ತಗ್ಗು ಅಗಲವಾಗಿ, ನಿನ್ನೆಯ ಮಣಿಗೂ ಇಂದಿನ ಮಣಿಗೂ ಹೊಂದಿಕೆ ತಪ್ಪುತ್ತದೆ. ಬಲ್ಲವನು ಉಳಿಯ ಚಪ್ಪಟೆಯಾದ ಮೇಲ್ಮೈಯನ್ನು ಮಾತ್ರ ಸಾಣೆಕಲ್ಲಿನ ಮೇಲೆ ಮಲಗಿಸಿ ನಾಲ್ಕಾರು ಸಲ ಎಳೆಯುತ್ತಾನೆ. ಬಾಯಿ ಹರಿತವಾಗುತ್ತದೆ, ಆಕಾರವೂ ಉಳಿಯುತ್ತದೆ.

ಇಷ್ಟೊಂದು ಪಾಡು ಏಕೆ? ಮೊಂಡು ಉಳಿ ಮರವನ್ನು ಪರಚಿ ನಾರೆಬ್ಬಿಸುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಹರಡುವುದಷ್ಟೆ? ನಾರೆದ್ದ ಮೈಯಲ್ಲಿ ಅದು ಮಚ್ಚೆಮಚ್ಚೆಯಾಗಿ ಕೂರುತ್ತದೆ. ತಾಳೆಗರಿಯಿಂದ ಎಷ್ಟು ಉಜ್ಜಿದರೂ ಹೊಳಪೇರದು. ಮೇಲಾಗಿ ಗಿಲಕಿ ಹೋಗುವುದು ಕೂಸಿನ ಬಾಯಿಗೆ. ಅಲ್ಲಿ ಒಂದು ಸಿಬಿರು ಸಾಕು. ಅದಕ್ಕೇ, ಕೈ ತುಸು ಹೆಚ್ಚು ಒತ್ತಬೇಕೆನಿಸಿದ ಕ್ಷಣದಲ್ಲಿಯೇ ಕುಶಲಿಗನು ಯಂತ್ರವನ್ನು ನಿಲ್ಲಿಸಿ ಸಾಣೆಕಲ್ಲಿನ ಕಡೆಗೆ ಹೊರಳುತ್ತಾನೆ.